ಬರಿಯ ಕ್ಯಾಸೆಟ್, ಡಬ್ಬಿ ಸಮೇತದ್ದು, ಸೀಲ್ ಒಡೆಯದ್ದು: ಹಳೆಯ ವಿಡಿಯೋ ಗೇಮ್ ಕೊಳ್ಳುವ ಮೂರು ಬಗೆಗಳ ಹೋಲಿಕೆ

ಹಳೆಯ ವಿಡಿಯೋ ಗೇಮ್‌ಗಳ ಪೇಟೆಯಲ್ಲಿ ಒಂದೇ ಆಟ ಮೂರು ರೂಪಗಳಲ್ಲಿ ಸಿಗುತ್ತದೆ. ಡಬ್ಬಿಯಿಲ್ಲದ ಬರಿಯ ಕ್ಯಾಸೆಟ್, ಎಂದರೆ ಆಟವನ್ನು ಒಳಗಿಟ್ಟುಕೊಂಡು ಯಂತ್ರಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡು, ಮೊದಲನೆಯದು. ಮೂಲ ಡಬ್ಬಿ ಮತ್ತು ಕೈಪಿಡಿಗಳ ಸಮೇತ ಬರುವುದು ಎರಡನೆಯದು. ಅಂಗಡಿಯಿಂದ ಬಂದ ದಿನದ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚದ, ಪರೀಕ್ಷಕ ಸಂಸ್ಥೆಯೊಂದು ಅಂಕ ಕೊಟ್ಟು ಪಾರದರ್ಶಕ ಪೆಟ್ಟಿಗೆಯಲ್ಲಿ ಭದ್ರಪಡಿಸಿದ ಪ್ರತಿ ಮೂರನೆಯದು. 2018ರಿಂದ 2023ರವರೆಗೆ ಉದ್ಯೋಗದ ನಿಮಿತ್ತ ಒಸಾಕಾದಲ್ಲಿದ್ದ ನಾನು ಈ ಮೂರನ್ನೂ ಕೊಂಡು, ಇಟ್ಟುಕೊಂಡು, ಕೆಲವನ್ನು ಮಾರಿ ನೋಡಿದ್ದೇನೆ. ಕೊಂಡ ಬೆಲೆ, ಮಾರಿದ ಬೆಲೆ, ಅಂಚೆ ವೆಚ್ಚ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತ ಬಂದದ್ದರಿಂದ, ಇಲ್ಲಿ ಹೇಳುವ ನನ್ನ ವ್ಯವಹಾರದ ಮೊತ್ತಗಳು ನೆನಪಿನಿಂದ ಬಂದವಲ್ಲ.

ಹೋಲಿಕೆಗೆ ಅಳತೆಗೋಲಾಗಿ ಒಂದೇ ಆಟವನ್ನು ಇಟ್ಟುಕೊಳ್ಳುವುದು ನ್ಯಾಯವೆನಿಸುತ್ತದೆ. 1994ರ ಆಗಸ್ಟ್ 27ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರಕ್ಕಾಗಿ ಬಿಡುಗಡೆಯಾದ ‘ಮದರ್ 2’ ನಾನು ಆರಿಸಿಕೊಂಡ ಆಟ. ಶಿಗೆಸಾತೊ ಇತೊಯಿ ಬರೆದು ನಿರ್ದೇಶಿಸಿದ ಇದು ಮರುವರ್ಷ ‘ಅರ್ಥ್‌ಬೌಂಡ್’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ಜಪಾನಿನಲ್ಲಿ ಸುಮಾರು ಐದು ಲಕ್ಷ ಪ್ರತಿಗಳು ಖರ್ಚಾದರೆ, ಅಮೆರಿಕದಲ್ಲಿ ಮಾರಾಟವಾದವು ಸುಮಾರು 1,40,000 ಎಂಬುದು ರೂಢಿಯಲ್ಲಿರುವ ಅಂಕಿ. ಅಂದು ಅಲ್ಲಿ ಯಾರಿಗೂ ಬೇಡವಾಗಿದ್ದ ಆಟವೇ ಇಂದು ಅಲ್ಲಿ ಅತ್ಯಂತ ದುಬಾರಿಯಾದವುಗಳ ಸಾಲಿನಲ್ಲಿದೆ.

ಒಸಾಕಾದ ನಿಪ್ಪೊಂಬಾಶಿಯಲ್ಲಿ ಡೆನ್‌ಡೆನ್ ಟೌನ್ ಎಂಬ ಎಲೆಕ್ಟ್ರಾನಿಕ್ಸ್ ಪೇಟೆಯಿದೆ. ಅಲ್ಲಿನ ಅಂಗಡಿಯೊಂದರಲ್ಲಿ ನಾನು 2018ರಲ್ಲಿ ‘ಮದರ್ 2’ರ ಬರಿಯ ಕ್ಯಾಸೆಟ್ಟನ್ನು 1,980 ಯೆನ್‌ಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 1,200 ರೂಪಾಯಿಗೆ ಕೊಂಡೆ. ಅದೇ ಸಂಜೆ ‘ಕ್ರೋನೋ ಟ್ರಿಗರ್’ ಎಂಬ ಇನ್ನೊಂದು ಪ್ರಸಿದ್ಧ ಆಟ 680 ಯೆನ್‌ಗೆ ಸಿಕ್ಕಿತು. ಇಷ್ಟು ಅಗ್ಗವಾಗಲು ಕಾರಣಗಳಿವೆ. ‘ಕ್ರೋನೋ ಟ್ರಿಗರ್’ ಜಪಾನೊಂದರಲ್ಲೇ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದ ಆಟ, ಹಾಗಾಗಿ ಮನೆಮನೆಯ ಕಪಾಟಿನಿಂದ ಅದು ಪೇಟೆಗೆ ಮರಳುತ್ತಲೇ ಇರುತ್ತದೆ. ಜೊತೆಗೆ, ಗೇಮ್‌ಗಳನ್ನು ಎರಡನೆಯ ಕೈಯಲ್ಲಿ ಮಾರುವುದನ್ನು ತಡೆಯಲು ಪ್ರಕಾಶಕರು ಹೂಡಿದ್ದ ದಾವೆಗಳಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯ 2002ರ ಏಪ್ರಿಲ್‌ನಲ್ಲಿ ಅಂಗಡಿಗಳ ಪರವಾಗಿ ತೀರ್ಪು ಕೊಟ್ಟದ್ದರಿಂದ, ಅಲ್ಲಿ ಹಳೆಯ ಗೇಮ್‌ಗಳ ವ್ಯಾಪಾರ ತಲೆಯೆತ್ತಿ ನಡೆಯುವ ವ್ಯಾಪಾರವಾಗಿ ಉಳಿದಿದೆ. ಊರಾಚೆಯ ಹಳೆ ಸಾಮಾನಿನ ಮಳಿಗೆಗಳಲ್ಲಂತೂ ‘ಜಂಕ್’ ಎಂದು ಬರೆದ ಬುಟ್ಟಿಗಳಲ್ಲಿ 110 ಯೆನ್‌ಗೆ ಒಂದರಂತೆ ಕ್ಯಾಸೆಟ್ ರಾಶಿ ಬಿದ್ದಿರುತ್ತಿತ್ತು. ಪರೀಕ್ಷಿಸಿಲ್ಲ, ಮರಳಿ ಪಡೆಯುವುದಿಲ್ಲ ಎಂಬುದು ಅಲ್ಲಿನ ಕರಾರು. ನಾನು ಅಂಥ ಬುಟ್ಟಿಗಳಿಂದ ಆರಿಸಿದ 40ಕ್ಕೂ ಹೆಚ್ಚು ಕ್ಯಾಸೆಟ್‌ಗಳಲ್ಲಿ, ಸಂಪರ್ಕದ ತುದಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಮೇಲೂ ಬಾಯಿ ಬಿಡದೆ ಉಳಿದವು ಮೂರು ಮಾತ್ರ.

ನಮ್ಮ ಕಡೆಯವರು ಇದನ್ನು ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದುದು ನನಗೆ ಅಲ್ಲಿ ಮತ್ತೆ ನೆನಪಾಯಿತು, ಏಕೆಂದರೆ ಜಪಾನಿನ ಹಳಬರೂ ‘ಕಸೆಟ್ಟೊ’ ಎನ್ನುತ್ತಾರೆ. ತೊಂಬತ್ತರ ದಶಕದಲ್ಲಿ ಸಾಗರದ ನಮ್ಮ ಮನೆಗೆ ಬಂದ ಟಿವಿ ಗೇಮ್, ಸೂಪರ್ ಫ್ಯಾಮಿಕಾಮ್‌ಗೂ ಹಿಂದಿನ ಫ್ಯಾಮಿಕಾಮ್ ಯಂತ್ರದ ನಕಲಾಗಿತ್ತೆಂಬುದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಮೂಲವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯೇ ನನ್ನ ಸಂಗ್ರಹದ ಬುಡ.

ಬರಿಯ ಕ್ಯಾಸೆಟ್ಟಿನ ದೊಡ್ಡ ಅನುಕೂಲವೆಂದರೆ ಅದು ಗಟ್ಟಿ. ಎಬಿಎಸ್ ಪ್ಲಾಸ್ಟಿಕ್ಕಿನ ಕವಚ, ಒಳಗೆ ಒಂದು ಸರ್ಕಿಟ್ ಹಲಗೆ, ಅದರ ಮೇಲೆ ಬೆರಳೆಣಿಕೆಯ ಚಿಪ್‌ಗಳು. ಬಿಸಿಲಿಗೆ ಬಿದ್ದರೆ ಕವಚ ಹಳದಿಗೆ ತಿರುಗುತ್ತದೆ, ಲೇಬಲ್ಲಿನ ಬಣ್ಣ ಮಾಸುತ್ತದೆ. ಆಟಕ್ಕೆ ಅದರಿಂದ ಯಾವ ಕುಂದೂ ಇಲ್ಲ. ಕಾಲಕ್ಕೆ ಸೋಲುವ ಭಾಗ ಒಂದೇ: ಆಟಗಾರ ಎಲ್ಲಿಯವರೆಗೆ ಬಂದಿದ್ದಾನೆಂಬ ದಾಖಲೆಯನ್ನು ಕಾಯ್ದುಕೊಳ್ಳುವ ಸಿಆರ್2032 ಬ್ಯಾಟರಿ. ಅದು ಹಲಗೆಗೆ ಬೆಸೆದುಕೊಂಡಿರುತ್ತದೆ. ಸತ್ತರೆ ಆಟ ನಡೆಯುತ್ತದೆ, ದಾಖಲೆ ನಿಲ್ಲುವುದಿಲ್ಲ. ನಿಂಟೆಂಡೊ ಬಳಸುತ್ತಿದ್ದ ವಿಶೇಷ ತಿರುಪನ್ನು ಬಿಚ್ಚುವ 3.8 ಮಿಲಿಮೀಟರಿನ ಉಪಕರಣ ಮತ್ತು ಸೋಲ್ಡರಿಂಗ್ ಕಡ್ಡಿ ಇದ್ದವರಿಗೆ ಬ್ಯಾಟರಿ ಬದಲಿಸುವುದು ಅರ್ಧ ಗಂಟೆಯ ಕೆಲಸ.

ಜಪಾನಿ ಕ್ಯಾಸೆಟ್ಟಿನ ನಿಜವಾದ ಕೊರತೆ ಭಾಷೆಯದು, ಮತ್ತು ಬೆಲೆಯ ಅಂತರದ ಗುಟ್ಟೂ ಅಲ್ಲಿಯೇ ಇದೆ. ಓಟ, ಗುಂಡಿನ ಕಾಳಗ, ಒಗಟು ಮುಂತಾದ ಆಟಗಳಿಗೆ ಭಾಷೆ ಅಡ್ಡಿಯಾಗದು. ಕಥೆಯೇ ಜೀವಾಳವಾದ ಆಟಗಳನ್ನು ಜಪಾನಿ ಬಾರದವರು ಆಡಲಾರರು, ಆದ್ದರಿಂದ ಹೊರದೇಶದ ಗಿರಾಕಿ ಅವುಗಳಿಗೆ ಕಡಿಮೆ. ‘ಮದರ್ 2’ ಬಹುಪಾಲು ಉಚ್ಚಾರವನ್ನು ಸೂಚಿಸುವ ಸರಳ ಕನಾ ಲಿಪಿಯಲ್ಲಿಯೇ ಇರುವುದರಿಂದ, ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳಿಗೆ ಹೆದರುತ್ತಿದ್ದ ನನಗೆ ಅದು ನಿಘಂಟು ಹಿಡಿದು ಓದುವ ಮೊದಲ ಪಠ್ಯದಂತಾಯಿತು. ಆದರೂ ಇಂಗ್ಲಿಷ್ ರೂಪ ಹೇಗಿದೆಯೆಂದು ತಿಳಿಯುವ ಕುತೂಹಲದಿಂದ 2019ರಲ್ಲಿ ‘ಅರ್ಥ್‌ಬೌಂಡ್’ನ ಬರಿಯ ಕ್ಯಾಸೆಟ್ಟನ್ನು ಅಮೆರಿಕದಿಂದ 175 ಡಾಲರಿಗೆ, ಎಂದರೆ ಸುಮಾರು 12,000 ರೂಪಾಯಿಗೆ ತರಿಸಿದೆ. ಅದೇ ಆಟಕ್ಕೆ ಹತ್ತು ಪಟ್ಟು ಬೆಲೆ. ನಾನು ಮೊದಲು ಒಪ್ಪಿಕೊಂಡಿದ್ದ ಇನ್ನೊಂದು ಅಗ್ಗದ ಪ್ರತಿ ನಕಲಿ ಎಂಬುದು, ಮಾರಾಟಗಾರರಿಂದ ಒಳಗಿನ ಹಲಗೆಯ ಚಿತ್ರ ಕೇಳಿದಾಗ ತಿಳಿಯಿತು: ನಿಂಟೆಂಡೊದ ಹೆಸರು ಅಚ್ಚಾಗಿರಬೇಕಾದ ಕಡೆ ಏನೂ ಇರಲಿಲ್ಲ. ದುಬಾರಿ ಕ್ಯಾಸೆಟ್ ಕೊಳ್ಳುವವರು ಒಳಹಲಗೆಯ ಚಿತ್ರವಿಲ್ಲದೆ ಹಣ ಕೊಡಬಾರದೆಂದು ನಾನು ಒತ್ತಿ ಹೇಳುತ್ತೇನೆ. 680 ಯೆನ್ನಿನ ವಸ್ತುವನ್ನು ನಕಲು ಮಾಡಲು ಯಾರೂ ಮೆನಕೆಡುವುದಿಲ್ಲ, ಅದೂ ಅಗ್ಗದ ಒಂದು ಗುಣವೇ.

ಡಬ್ಬಿ ಸಮೇತದ ‘ಮದರ್ 2’ಕ್ಕೆ ನಾನು ಕೊಟ್ಟ ಬೆಲೆ 7,800 ಯೆನ್. ಒಳಗಿನ ಕ್ಯಾಸೆಟ್ ನನ್ನಲ್ಲಿದ್ದದ್ದೇ. ಉಳಿದ ಆರು ಸಾವಿರಕ್ಕೆ ಸಿಕ್ಕಿದ್ದು ರಟ್ಟು ಮತ್ತು ಕಾಗದ. ಸೂಪರ್ ಫ್ಯಾಮಿಕಾಮ್ ಡಬ್ಬಿಗಳನ್ನು ತೆಳುವಾದ ರಟ್ಟಿನಲ್ಲಿ ಮಾಡುತ್ತಿದ್ದರು, ಮಕ್ಕಳು ಅವನ್ನು ಮೊದಲ ವಾರದಲ್ಲೇ ಎಸೆಯುತ್ತಿದ್ದರು, ಆದ್ದರಿಂದ ಇಲ್ಲಿ ಬೆಲೆ ಕಟ್ಟುವುದು ಆಟಕ್ಕಲ್ಲ, ಡಬ್ಬಿ ಉಳಿದುಬಂದದ್ದಕ್ಕೆ. ಆ ಬೆಲೆಯನ್ನು ನಾನು ಅನ್ಯಾಯವೆನ್ನುವುದಿಲ್ಲ. ಕೈಪಿಡಿಯ ಚಿತ್ರಗಳೂ ಅಕ್ಷರಗಳ ಜೋಡಣೆಯೂ ಆಟದ ಅಂಗಗಳೇ ಎಂಬುದು ಅದನ್ನು ಬಿಡಿಸಿ ಓದಿದಾಗ ನನಗೆ ಮನವರಿಕೆಯಾಯಿತು. ಅಮೆರಿಕದ ‘ಅರ್ಥ್‌ಬೌಂಡ್’ ಅಂತೂ ದೊಡ್ಡ ಡಬ್ಬಿಯಲ್ಲಿ, ಉಜ್ಜಿದರೆ ವಾಸನೆ ಬರುವ ಕಾರ್ಡುಗಳಿದ್ದ ಮಾರ್ಗದರ್ಶಿ ಪುಸ್ತಕದೊಂದಿಗೇ ಮಾರಾಟವಾಗಿತ್ತು. ಅದರ ಪೂರ್ಣ ಪ್ರತಿ ನನ್ನ ಕೈಗೆಟುಕುವ ಬೆಲೆಯಲ್ಲಿ ಎಂದೂ ಸಿಗಲಿಲ್ಲ.

ಆದರೆ ಡಬ್ಬಿಯನ್ನು ಕಾಪಾಡುವ ಹೊಣೆ ಎಷ್ಟೆಂಬುದು ನನಗೆ ತಿಳಿದದ್ದು ಊರಿಗೆ ಬಂದ ಮೇಲೆ. 2023ರ ಬೇಸಿಗೆಯಲ್ಲಿ ಮರಳಿದಾಗ ಬೆಂಗಳೂರಿನ ಮನೆ ಸಿದ್ಧವಾಗಿರಲಿಲ್ಲವಾಗಿ, 22 ಡಬ್ಬಿಗಳನ್ನು ಸಾಗರದ ಮನೆಯ ಅಟ್ಟದಲ್ಲಿಟ್ಟೆ. ಮಲೆನಾಡಿನ ಮಳೆಗಾಲವನ್ನು ಬಲ್ಲವನಾಗಿಯೂ ಹಾಗೆ ಮಾಡಿದ್ದು ನನ್ನ ತಪ್ಪು. ಸೆಪ್ಟೆಂಬರ್‌ನಲ್ಲಿ ತೆಗೆದು ನೋಡಿದಾಗ ಒಂಬತ್ತು ಡಬ್ಬಿಗಳ ಮೇಲೆ ಬೂಷ್ಟು ಹಿಡಿದಿತ್ತು, ಎರಡು ಕೈಪಿಡಿಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅದೇ ಅಟ್ಟದಲ್ಲಿ ಸ್ಟೀಲ್ ಡಬ್ಬದಲ್ಲಿದ್ದ ಬರಿಯ ಕ್ಯಾಸೆಟ್‌ಗಳಲ್ಲಿ ಒಂದಕ್ಕೂ ತೊಂದರೆಯಾಗಿರಲಿಲ್ಲ. ಈಗ ಉಳಿದ ಡಬ್ಬಿಗಳು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಪೆಟ್ಟಿಗೆಯಲ್ಲಿವೆ. ಪ್ರತಿ ಮಳೆಗಾಲಕ್ಕೆ ಮುಂಚೆ ಪೊಟ್ಟಣ ಬದಲಿಸುತ್ತೇನೆ. ಕರಾವಳಿ, ಮಲೆನಾಡಿನವರು ಡಬ್ಬಿಗೆ ಹಣ ಹಾಕುವ ಮುನ್ನ ಅದನ್ನಿಡುವ ಜಾಗಕ್ಕೆ ಹಣ ಹಾಕಬೇಕು.

ಇನ್ನು ಸೀಲ್ ಒಡೆಯದ ಪ್ರತಿಗಳ ವಿಷಯ. ಕೊರೊನಾ ಕಾಲದಲ್ಲಿ ಜನ ಮನೆಯೊಳಗೆ ಕುಳಿತಾಗ ಹಳೆಯ ಆಟಗಳ ಬೆಲೆ ಎಲ್ಲೆಡೆ ಏರಿತು, ಆದರೆ ಈ ವರ್ಗ ಏರಿದ ಬಗೆಯೇ ಬೇರೆ. ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ನ ಸೀಲ್ ಪ್ರತಿಯೊಂದು 2020ರ ಜುಲೈನಲ್ಲಿ 1,14,000 ಡಾಲರಿಗೆ ಹೋಯಿತು, 2021ರ ಏಪ್ರಿಲ್‌ನಲ್ಲಿ ಅದೇ ಆಟದ ಮತ್ತೊಂದು ಪ್ರತಿ 6,60,000 ಡಾಲರ್ ತಂದಿತು, ಜುಲೈನಲ್ಲಿ ‘ದ ಲೆಜೆಂಡ್ ಆಫ್ ಝೆಲ್ಡಾ’ 8,70,000 ಡಾಲರಿಗೂ, ಎರಡೇ ದಿನಗಳ ನಂತರ ‘ಸೂಪರ್ ಮಾರಿಯೋ 64’ 15,60,000 ಡಾಲರಿಗೂ ಮಾರಾಟವಾದವು. ಕೊನೆಯ ಆಟ ಜಗತ್ತಿನಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದದ್ದು. ಆ ಪ್ರತಿಯ ವಿಶೇಷವೆಂದರೆ ಅದಕ್ಕೆ ಪರೀಕ್ಷೆಯಲ್ಲಿ ದೊರೆತ, ಹತ್ತಕ್ಕೆ 9.8 ಎಂಬ ಅಂಕ ಮಾತ್ರ.

ಆ ವರ್ಷದ ನವೆಂಬರ್‌ನಲ್ಲಿ ನನ್ನ ‘ಅರ್ಥ್‌ಬೌಂಡ್’ ಕ್ಯಾಸೆಟ್ಟನ್ನು 280 ಡಾಲರಿಗೆ ಮಾರಿದೆ. ಎರಡು ವರ್ಷ ಮನಸಾರೆ ಆಡಿದ ಮೇಲೂ 105 ಡಾಲರ್ ಹೆಚ್ಚು ಬಂತು. ಆ ಹಣಕ್ಕೆ 140 ಡಾಲರ್ ಸೇರಿಸಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಯಂತ್ರದ ಒಂದು ಜನಪ್ರಿಯ ಆಟದ ಸೀಲ್ ಪ್ರತಿಯನ್ನು 420 ಡಾಲರಿಗೆ ಕೊಂಡೆ. 2023ರ ಆರಂಭದಲ್ಲಿ ಅದನ್ನು ಮಾರಿದಾಗ ಬಂದದ್ದು 230 ಡಾಲರ್, ಅದರಲ್ಲಿಯೂ ಮಾರಾಟದ ಶುಲ್ಕ ಕಳೆಯಬೇಕಿತ್ತು. ಯಾರೂ ನನಗೆ ಮೋಸ ಮಾಡಿರಲಿಲ್ಲ. ಬೆಲೆ ಏರಿದ ಸುದ್ದಿ ಕೇಳಿ ಜನ ತಮ್ಮಲ್ಲಿದ್ದ ಸೀಲ್ ಪ್ರತಿಗಳನ್ನು ಪರೀಕ್ಷೆಗೆ ಕಳಿಸತೊಡಗಿದರು, ಅಂಕ ಪಡೆದ ಪ್ರತಿಗಳ ಸಂಖ್ಯೆ ತಿಂಗಳು ತಿಂಗಳಿಗೂ ಹೆಚ್ಚಿತು, ನಾನು ಅಪರೂಪವೆಂದು ಕೊಂಡದ್ದು ಅಪರೂಪವಾಗಿ ಉಳಿಯಲಿಲ್ಲ. ಬರಿಯ ಕ್ಯಾಸೆಟ್ಟಿನ ಬೆಲೆ ಇಳಿದರೂ ಒಂದು ಮಟ್ಟದಲ್ಲಿ ನಿಲ್ಲುವುದು ಅದನ್ನು ಆಡಬೇಕೆನ್ನುವವರು ಇರುವುದರಿಂದ. ಸೀಲ್ ಪ್ರತಿಯನ್ನು ಆಡಲು ಕೊಳ್ಳುವವರು ಯಾರೂ ಇಲ್ಲ, ಮುಂದಿನವರು ಇನ್ನೂ ಹೆಚ್ಚು ಕೊಟ್ಟಾರೆಂಬ ನಂಬಿಕೆಯೊಂದೇ ಅದಕ್ಕೆ ಆಧಾರ. ಹದಿನಾಲ್ಕು ತಿಂಗಳು ಅದು ನನ್ನ ಕಪಾಟಿನಲ್ಲಿತ್ತು, ಅದರ ಒಳಗಿನ ಆಟ ನನಗೆ ಇಂದಿಗೂ ಗೊತ್ತಿಲ್ಲ.

ನಾಲ್ಕನೆಯ ದಾರಿಯಾದ ಡಿಜಿಟಲ್ ಪ್ರತಿಯನ್ನೂ ಇಲ್ಲಿ ಹೇಳಬೇಕು. ‘ಅರ್ಥ್‌ಬೌಂಡ್’ 2013ರಲ್ಲಿ ನಿಂಟೆಂಡೊದ ವೀ ಯು ಯಂತ್ರದ ಆನ್‌ಲೈನ್ ಅಂಗಡಿಗೆ ಬಂದಿತ್ತು. ಆ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್ 27ರಂದು ನಿಂತುಹೋಯಿತು. 2022ರಿಂದ ನಿಂಟೆಂಡೊದ ಸ್ವಿಚ್ ಯಂತ್ರದ ಆನ್‌ಲೈನ್ ಚಂದಾದಾರರಿಗೆ ಅದು ಲಭ್ಯವಿದೆ. ಆಡಿದರೆ ಸಾಕೆನ್ನುವವರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ, ಸಂಗ್ರಹವೆಂದು ಮಾತ್ರ ಅದನ್ನು ಕರೆಯಲಾಗದು.

ಇಂದು ಕೊಳ್ಳಲು ಹೊರಟವರಿಗೆ ಪರಿಸ್ಥಿತಿ ನನ್ನ ಕಾಲದಷ್ಟು ಸುಲಭವಾಗಿಲ್ಲ. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 115 ಇದ್ದ ಯೆನ್ ಅದೇ ವರ್ಷದ ಅಕ್ಟೋಬರ್‌ನಲ್ಲಿ 150 ದಾಟಿತು, ಅದೇ ತಿಂಗಳು ಜಪಾನ್ ಪ್ರವಾಸಿಗರಿಗೆ ಮತ್ತೆ ಬಾಗಿಲು ತೆರೆಯಿತು. ಹೊರದೇಶದವರಿಗೆ ಅಲ್ಲಿನ ಬೆಲೆ ಇನ್ನಷ್ಟು ಅಗ್ಗವಾಗಿ, ಡೆನ್‌ಡೆನ್ ಟೌನಿನ ಕಪಾಟುಗಳು ಬರಿದಾಗುತ್ತ ಬಂದುದನ್ನು ನಾನು ವಾರ ವಾರವೂ ಕಂಡೆ. ಹಾಗಿದ್ದರೂ ನೂರಾರು ಒಳ್ಳೆಯ ಆಟಗಳು ಸಾವಿರ ಯೆನ್ನಿನೊಳಗೆ ಉಳಿದಿದ್ದವು. ಹೊಸಬರು ಮೊದಲು ಬರಿಯ ಕ್ಯಾಸೆಟ್‌ಗಳನ್ನೇ ಕೊಳ್ಳಲಿ, ತುಂಬ ಪ್ರೀತಿಸಿದ ಎರಡು ಮೂರು ಆಟಗಳಿಗೆ ಮಾತ್ರ ಆಮೇಲೆ ಡಬ್ಬಿ ಹುಡುಕಲಿ ಎಂಬುದು ನನ್ನ ಸಲಹೆ. ಸೂಪರ್ ಫ್ಯಾಮಿಕಾಮ್ 100 ವೋಲ್ಟಿನ ಯಂತ್ರವಾದ್ದರಿಂದ ಇಲ್ಲಿನ 230 ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೆಂಬುದನ್ನು ಮರೆಯಬಾರದು.

ನಾನು 1,980 ಯೆನ್‌ಗೆ ಕೊಂಡ ಆ ಮೊದಲ ಕ್ಯಾಸೆಟ್ಟಿನಲ್ಲಿ ಹಿಂದಿನ ಒಡೆಯನ ದಾಖಲೆ ಹಾಗೆಯೇ ಇತ್ತು. ‘ಮದರ್ 2’ ಆರಂಭದಲ್ಲಿ ಆಟಗಾರನ ಇಷ್ಟದ ಊಟ ಯಾವುದೆಂದು ಕೇಳುತ್ತದೆ, ಮುಂದೆ ಕಥಾನಾಯಕ ಮನೆಗೆ ಮರಳಿದಾಗಲೆಲ್ಲ ತಾಯಿ ಅದನ್ನೇ ಬಡಿಸುತ್ತಾಳೆ. ಆ ಮಗು ಯಾರೋ, ಬರೆದದ್ದು ‘ಕರೇ’, ಅನ್ನದ ಮೇಲೆ ಸುರಿದುಕೊಳ್ಳುವ ಜಪಾನಿನ ಕರಿ. ಬ್ಯಾಟರಿ ತೆಗೆದೊಡನೆ ಅದು ಅಳಿಯುತ್ತದೆಂದು ನಾನು ಆರು ವರ್ಷ ಮುಂದೂಡಿದೆ. ಕಳೆದ ದೀಪಾವಳಿಗೆ ಕ್ಯಾಸೆಟ್ಟಿನ ದಾಖಲೆಯನ್ನು ಕಂಪ್ಯೂಟರಿಗೆ ಇಳಿಸುವ ಉಪಕರಣ ತರಿಸಿ, ಆ 8 ಕಿಲೋಬೈಟುಗಳನ್ನು ನಕಲಿಸಿಕೊಂಡು, ಹೊಸ ಬ್ಯಾಟರಿ ಬೆಸೆದು, ದಾಖಲೆಯನ್ನು ಮರಳಿ ತುಂಬಿದೆ. ಯಂತ್ರ ಹಚ್ಚಿ ನಾಯಕನನ್ನು ಮನೆಗೆ ಕರೆದೊಯ್ದಾಗ ತಾಯಿ ಕರೇ ಬಡಿಸಿದಳು.