ಬಲ್ಬೋ, ಮಲ್ಟಿಮೀಟರೋ: ಹಳೇ ಬೋಟಿನ ಮೀಟರ್ ಮುಳ್ಳುಗಳು ಕೈಕೊಟ್ಟಾಗ

ಮಳೆಗಾಲವೆಲ್ಲ ಕಾರವಾರದ ಕೋಡಿಬಾಗದಲ್ಲಿ ತಾಡಪತ್ರಿ ಹೊದಿಸಿಟ್ಟಿದ್ದ ನಮ್ಮ ಹಳೇ ಫೈಬರ್ ಬೋಟನ್ನು ಆಗಸ್ಟಿನಲ್ಲಿ ಕಾಳಿ ನದಿಗೆ ಇಳಿಸಿದೆವು. ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಆದರೆ ದೀಪ ಹಾಕಿದರೆ ಪೆಟ್ರೋಲಿನ ಮುಳ್ಳು ಜಾರುತ್ತದೆ, ಹಾರ್ನ್ ಒತ್ತಿದರೆ ಟೆಂಪರೇಚರ್ ಮುಳ್ಳೂ ಅಲುಗಾಡುತ್ತದೆ. ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲದೆ ಅಳಿವೆ ದಾಟಿ ಕೂರ್ಮಗಡ ದ್ವೀಪದ ಕಡೆ ಹೋಗುವುದು ಹೇಗೆ?

ಮೊದಲು ಡಿಜಿಟಲ್ ಮಲ್ಟಿಮೀಟರ್ ಹಿಡಿದೆ. ಡ್ಯಾಶ್‌ಬೋರ್ಡಿನ ಹಿಂದಿನ ವೈರು ಬಿಚ್ಚಿ ನೋಡಿದರೆ 12.5 ವೋಲ್ಟ್. ಕರೆಂಟ್ ಸರಿಯಾಗಿದೆ, ಪೆಟ್ರೋಲ್ ಮೀಟರೇ ಹೋಗಿರಬೇಕು ಅಂದುಕೊಂಡು ಹೊಸದು ತಂದು ಹಾಕಿದೆ. ಅದೇ ಕಥೆ. ದುಡ್ಡು ಸುಮ್ನೆ ಹೋಯಿತು.

ಆಮೇಲೆ ಬೈಕಿನ 10 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿ ಅದೇ ಜಾಗಕ್ಕೆ ಹಿಡಿದೆ. ಮಿಣುಕು ಬೆಳಕು ಅಷ್ಟೇ. ಬ್ಯಾಟರಿಯ ಮೈನಸ್‌ನಿಂದ ಉದ್ದದ ವೈರು ಎಳೆದು ಬಲ್ಬಿನ ಒಂದು ತುದಿಗೆ ಕೊಟ್ಟಾಗ ಫಳ್ ಅಂತ ಉರಿಯಿತು. ರೋಗ ಸಿಕ್ಕಿತು: ಅರ್ಥ್ ವೈರು, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ವೈರು. ಮಲ್ಟಿಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ತಾಮ್ರದ ಒಂದೆರಡು ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟ್ ತೋರಿಸುತ್ತದೆ. ಬಲ್ಬು ಉರಿಯಲು ಮುಕ್ಕಾಲು ಆಂಪಿಯರಿಗಿಂತ ಜಾಸ್ತಿ ಬೇಕು. ಕೊಳೆತ ವೈರು ಅಷ್ಟನ್ನು ಹೊರಲಾರದು. ಕವಚ ಸೀಳಿ ನೋಡಿದೆ. ತುದಿಯಲ್ಲಿ ಹಸಿರು ಕಿಲುಬು, ಒಳಗೆ ಒಂದು ಗೇಣಿನವರೆಗೆ ತಾಮ್ರ ಕಪ್ಪಾಗಿತ್ತು. ಆ ವೈರನ್ನೇ ತೆಗೆದು ಕಲಾಯಿ ಹಾಕಿದ ತಾಮ್ರದ ವೈರು ಎಳೆದೆವು. ಕರಾವಳಿಯ ಉಪ್ಪಿಗೆ ಅದೇ ತಡೆಯುವುದು.

ಮಲ್ಟಿಮೀಟರಿಗೂ ನ್ಯಾಯ ಹೇಳಬೇಕು. ದೀಪ, ಹಾರ್ನ್ ಎಲ್ಲ ಹಾಕಿಟ್ಟು ಬ್ಯಾಟರಿ ಮೈನಸ್‌ಗೂ ಡ್ಯಾಶ್‌ಬೋರ್ಡ್ ಅರ್ಥ್‌ಗೂ ನಡುವೆ ಅಳೆದಿದ್ದರೆ ಅದೂ ಇದನ್ನೇ ಹೇಳುತ್ತಿತ್ತು. ಅಲ್ಲಿ ಅರ್ಧ ವೋಲ್ಟ್ ಕಂಡರೂ ವೈರು ಹಾಳಾಗಿದೆ ಅಂತಲೇ ಲೆಕ್ಕ. ನಾನು ಅಳೆದ ರೀತಿ ತಪ್ಪಿತ್ತು.

ಅರ್ಥ್ ಸರಿಮಾಡಿದ ಮೇಲೂ ಪೆಟ್ರೋಲಿನ ಮುಳ್ಳು ಅರ್ಧದಿಂದ ಮೇಲೇರಲಿಲ್ಲ. ಇಲ್ಲಿ ಬಲ್ಬಿಗೆ ಕೆಲಸವೇ ಇಲ್ಲ. ಪೆಟ್ರೋಲಿನ ಹತ್ತಿರ ಅದನ್ನು ತರಲೂ ಬಾರದು, ಕಿಡಿ ಹಾರಿದರೆ ಕಥೆ ಮುಗಿಯಿತು. ಟ್ಯಾಂಕಿನೊಳಗೆ ತೇಲುವ ಫ್ಲೋಟಿನಿಂದ ಪೆಟ್ರೋಲಿನ ಮಟ್ಟವನ್ನು ಮೀಟರಿಗೆ ತಿಳಿಸುವ ಸೆಂಡರನ್ನು ಬಿಚ್ಚಿ ಟ್ಯಾಂಕಿನಿಂದ ದೂರ ತಂದು ಮಲ್ಟಿಮೀಟರಿನಲ್ಲಿ ಓಮ್ (ಕರೆಂಟಿಗೆ ಆಗುವ ತಡೆಯ ಅಳತೆ) ನೋಡಿದೆ. ನಮ್ಮದು ಅಮೆರಿಕನ್ ಅಳತೆಯದು: ಖಾಲಿಗೆ 240, ತುಂಬಿದರೆ 33. ಫ್ಲೋಟನ್ನು ಪೂರ್ತಿ ಎತ್ತಿದರೂ ನೂರರಿಂದ ಕೆಳಗಿಳಿಯಲಿಲ್ಲ. ಸೆಂಡರ್ ಬದಲಾಯಿಸಿದೆ. ಯುರೋಪಿನ ಅಳತೆ ಇದಕ್ಕೆ ಉಲ್ಟಾ, ಖಾಲಿಗೆ 10, ತುಂಬಿದರೆ 180. ಮೀಟರಿಗೆ ಹೊಂದುವುದನ್ನೇ ತರಬೇಕು.

ಕಂಪ್ಯೂಟರ್ ಇರುವ ಹೊಸ ಇಂಜಿನ್ನಿನ ವೈರುಗಳಿಗೆ ಬಲ್ಬು ಹಚ್ಚಬೇಡಿ, ಕಂಪ್ಯೂಟರ್ ಸುಟ್ಟುಹೋದೀತು. ನಮ್ಮಂಥ ಹಳೇ ಬೋಟಿಗೆ ಮೊದಲು ಬಲ್ಬು, ಆಮೇಲೆ ಮಲ್ಟಿಮೀಟರ್. ಬಲ್ಬು ಮತ್ತು ಹತ್ತು ಅಡಿ ವೈರು ಈಗ ಬೋಟಿನ ಡಬ್ಬಿಯಲ್ಲೇ ಇರುತ್ತವೆ. ಮಲ್ಟಿಮೀಟರ್ ಮನೆಯಲ್ಲಿರುತ್ತದೆ, ಉಪ್ಪುಗಾಳಿ ಅದಕ್ಕೂ ಆಗಿಬರುವುದಿಲ್ಲ.