ಕೊಲೆ, ಸುಳಿವು, ಜೊತೆಗೆ ಒಂಚೂರು ಮಾಯೆ: ಯಾವುದನ್ನು ಮೊದಲು ಓದೋದು?

ಪತ್ತೇದಾರಿ ಕಥೆಯಲ್ಲಿ ದೆವ್ವ, ಮಾಟ, ಮಂತ್ರಕ್ಕೆ ಜಾಗ ಇಲ್ಲ ಅಂತ ರೊನಾಲ್ಡ್ ನಾಕ್ಸ್ 1929ರಲ್ಲೇ ಬರೆದಿಟ್ಟಿದ್ದರು. ಅವರು ಪಾದ್ರಿ, ಪತ್ತೇದಾರಿ ಲೇಖಕರೂ ಹೌದು. ಅವರು ಹಾಕಿಕೊಟ್ಟ ಹತ್ತು ನಿಯಮಗಳಲ್ಲಿ ಇದು ಎರಡನೆಯದು. ಅವರ ಮಾತಲ್ಲಿ ನ್ಯಾಯ ಇದೆ. ಬೀಗ ಹಾಕಿದ ಕೋಣೆಗೆ ಕೊಲೆಗಾರ ಗೋಡೆ ತೂರಿ ಬಂದ ಅಂತ ಕೊನೇ ಪುಟದಲ್ಲಿ ಹೇಳಿದರೆ, ಅಲ್ಲಿವರೆಗೆ ತಲೆಗೆ ಹುಳ ಬಿಟ್ಟುಕೊಂಡು ಕೂತ ನಮಗೆ ಮೋಸ ಅಲ್ವಾ?

ಆದರೂ ಈ ಎರಡನ್ನೂ ಬೆರೆಸಿದ ಒಳ್ಳೆ ಕಾದಂಬರಿಗಳು ಇಂಗ್ಲಿಷಿನಲ್ಲಿ ಬರುತ್ತಲೇ ಇವೆ. ನಾನು ಓದಿದವುಗಳಲ್ಲಿ ನಾಲ್ಕನ್ನು ಇಲ್ಲಿ ಪಕ್ಕಪಕ್ಕ ಇಡುತ್ತೇನೆ. ನೋಡೋದು ಒಂದೇ ವಿಷಯ: ಆ ಲೋಕದ ಕಟ್ಟಳೆ ನಮಗೆ ಮೊದಲೇ ತಿಳಿಯುತ್ತದಾ, ಇಲ್ಲಾ ಬೇಕಾದಾಗ ಜೇಬಿಂದ ತೆಗೆದು ತೋರಿಸುತ್ತಾರಾ? ಕೊಲೆಗಾರನ ಹೆಸರು ಹೇಳೋದಿಲ್ಲ, ಧೈರ್ಯವಾಗಿ ಓದಿ.

ರಾಬರ್ಟ್ ಜಾಕ್ಸನ್ ಬೆನೆಟ್ ಬರೆದ ‘ದಿ ಟೇಂಟೆಡ್ ಕಪ್’ (2024) ಈ ವಿಷಯದಲ್ಲಿ ಎಲ್ಲಕ್ಕಿಂತ ಮುಂದೆ. ಶ್ರೀಮಂತರ ಬಂಗಲೆಯಲ್ಲಿ ಒಬ್ಬ ಅಧಿಕಾರಿ ಸತ್ತಿದ್ದಾನೆ. ಅವನ ಮೈ ಸೀಳಿಕೊಂಡು ಮರ ಬೆಳೆದು ಸೂರು ಮುಟ್ಟಿದೆ! ತನಿಖೆಗೆ ಹೋದ ಹುಡುಗ ದಿನ್ ನೋಡಿದ್ದು, ಕೇಳಿದ್ದು ಯಾವುದನ್ನೂ ಮರೆಯೋದಿಲ್ಲ. ಅವನ ಮೈಯನ್ನೇ ಅದಕ್ಕೆ ತಕ್ಕಂತೆ ಮಾರ್ಪಡಿಸಿದ್ದಾರೆ. ಪುಟ್ಟ ಶೀಶೆಯ ವಾಸನೆ ಎಳೆದುಕೊಂಡು ಕೆಲಸ ಶುರು ಮಾಡುತ್ತಾನೆ, ಆಮೇಲೆ ಅದೇ ವಾಸನೆ ಹಿಡಿದು ಎಲ್ಲವನ್ನೂ ನೆನಪಿಂದ ಹೊರಗೆ ತೆಗೆಯುತ್ತಾನೆ. ಅವನ ಮೇಲಧಿಕಾರಿ ಆನಾ ಮನೆಯಿಂದ ಹೊರಗೆ ಬರೋದೇ ಕಡಿಮೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತು, ಅವನ ವರದಿ ಕೇಳಿಯೇ ಗಂಟು ಬಿಡಿಸುತ್ತಾಳೆ. ಅಂದರೆ ಅವಳಿಗೆ ಗೊತ್ತಾಗೋದೆಲ್ಲ ನಮಗೂ ಗೊತ್ತಾಗಿರುತ್ತದೆ. ನನಗೆ ಹಿಡಿಸಿದ್ದೇ ಇದು. ಮನೆ ತಂಪಾಗಿಡೋ ಅಣಬೆ, ಕಾಗದದಂಥ ಗೋಡೆಗೆ ಹಿಡಿದ ಕಪ್ಪು ಬೂಷ್ಟು, ಇಂಥವನ್ನು ಸುಮ್ನೆ ಆ ಲೋಕದ ಅಲಂಕಾರ ಅಂತ ದಾಟಿಕೊಂಡು ಹೋಗಬೇಡಿ. ಈ ಪುಸ್ತಕಕ್ಕೆ 2025ರಲ್ಲಿ ಹ್ಯೂಗೋ ಪ್ರಶಸ್ತಿ (ವಿಜ್ಞಾನ ಕಥೆ, ಫ್ಯಾಂಟಸಿಗೆ ಕೊಡೋ ದೊಡ್ಡ ಪ್ರಶಸ್ತಿ) ಬಂತು. ನನಗಂತೂ ಆಶ್ಚರ್ಯ ಆಗಲಿಲ್ಲ.

ಚೀನಾ ಮಿಯೆವಿಲ್ ಅವರ ‘ದಿ ಸಿಟಿ ಅಂಡ್ ದಿ ಸಿಟಿ’ (2009) ಇದಕ್ಕೆ ಪೂರಾ ಉಲ್ಟಾ. ಮಂತ್ರ ಇಲ್ಲ, ಮಾಯಾಪ್ರಾಣಿ ಇಲ್ಲ. ಎರಡು ಊರು ಒಂದೇ ನೆಲದ ಮೇಲೆ ಹೆಣೆದುಕೊಂಡಿವೆ, ಅಷ್ಟೇ. ಒಂದು ಊರಿನವರು ಇನ್ನೊಂದನ್ನು ನೋಡಿದರೂ ನೋಡದಂತೆ ಇರಬೇಕು. ಮೊದಲ ಅಧ್ಯಾಯದ ಕೊನೆಯಲ್ಲಿ ಇನ್‌ಸ್ಪೆಕ್ಟರ್ ಬೋರ್ಲು ಬೀದಿಯಲ್ಲಿ ಒಬ್ಬ ಮುದುಕಿಯನ್ನು ನೋಡುತ್ತಾನೆ. ಅವಳು ಈ ಬೀದಿಯವಳೇ ಅಲ್ಲ ಅಂತ ಹೊಳೆದ ಕೂಡಲೇ ಗಾಬರಿಯಿಂದ ಕಣ್ಣು ತಪ್ಪಿಸುತ್ತಾನೆ. ಏನಾಯಿತು ಅಂತ ಯಾರೂ ವಿವರಿಸೋದಿಲ್ಲ. ನೀವೇ ಅರ್ಥ ಮಾಡಿಕೊಳ್ಳಬೇಕು. ಮೊದಲರ್ಧ ನನಗೆ ನಿಧಾನ ಅನಿಸಿತು, ಪಾತ್ರಗಳೂ ಅಷ್ಟಾಗಿ ಹತ್ತಿರ ಬರೋದಿಲ್ಲ. ಆದರೆ ಕಟ್ಟಳೆ ಒಮ್ಮೆ ತಲೆಗೆ ಹೋದ ಮೇಲೆ, ಹೆಣ ಯಾವ ಊರಿನಲ್ಲಿ ಸಿಕ್ಕಿತು ಅನ್ನೋದೇ ದೊಡ್ಡ ಸುಳಿವಾಗುತ್ತದೆ. ಒಗಟಿನ ಮಟ್ಟಕ್ಕೆ ‘ಟೇಂಟೆಡ್ ಕಪ್’ ಮೇಲು. ಓದಿ ಮುಗಿಸಿದ ಮೇಲೂ ಬಿಡದೆ ಕಾಡೋದು ಮಾತ್ರ ಇದು.

ಬೆನ್ ಆರನೋವಿಚ್ ಅವರ ‘ರಿವರ್ಸ್ ಆಫ್ ಲಂಡನ್’ (2011) ನಗಿಸುತ್ತದೆ. ಪೀಟರ್ ಗ್ರಾಂಟ್ ಇನ್ನೂ ಕಲಿಯುತ್ತಿರುವ ಪೊಲೀಸ್ ಪೇದೆ. ಕೋವೆಂಟ್ ಗಾರ್ಡನ್ನಿನ ಕೊಲೆಗೆ ಅವನಿಗೆ ಸಿಗೋ ಸಾಕ್ಷಿಯೇ ಒಂದು ದೆವ್ವ. ಥೇಮ್ಸ್ ನದಿ ಇಲ್ಲಿ ಮಾಮಾ ಥೇಮ್ಸ್ ಅನ್ನೋ ತಾಯಿ, ಉಪನದಿಗಳು ಅವಳ ಹೆಣ್ಣುಮಕ್ಕಳು. ಕಾವೇರಮ್ಮನಿಗೆ ಕೈಮುಗಿಯೋ ನಮಗೆ ಇದೇನು ವಿಚಿತ್ರ ಅನಿಸೋದಿಲ್ಲ ಬಿಡಿ. ಮಂತ್ರ ಹಾಕಿದರೆ ಹತ್ತಿರದ ಮೊಬೈಲ್ ಸುಟ್ಟುಹೋಗುತ್ತದೆ ಅನ್ನೋ ಕಟ್ಟಳೆ ಚೆನ್ನಾಗಿದೆ. ಆದರೆ ಇಲ್ಲಿ ಪತ್ತೇದಾರಿಕೆ ಬಾಳೆಲೆಯ ತುದಿಯ ಉಪ್ಪಿನಕಾಯಿಯಷ್ಟೇ. ಮುಂದೇನು ಅಂತ ಊಹಿಸೋಕೆ ಬೇಕಾದ್ದು ನಮ್ಮ ಕೈಗೆ ಸಿಗೋದಿಲ್ಲ. ಕೋಬ್ನಾ ಹೋಲ್ಡ್‌ಬ್ರೂಕ್-ಸ್ಮಿತ್ ಓದಿರೋ ಆಡಿಯೋ ಕೇಳಿ, ಪುಸ್ತಕಕ್ಕಿಂತ ಮಜಾ ಜಾಸ್ತಿ.

ಸ್ಟುವರ್ಟ್ ಟರ್ಟನ್ ಅವರ ‘ದಿ ಸೆವೆನ್ ಡೆತ್ಸ್ ಆಫ್ ಎವೆಲಿನ್ ಹಾರ್ಡ್‌ಕಾಸಲ್’ (2018) ಬಗ್ಗೆ ಜನ ಹುಚ್ಚೆದ್ದು ಮಾತಾಡುತ್ತಾರೆ. ಕೊಲೆಗಾರನನ್ನು ಹುಡುಕಬೇಕಾದ ನಾಯಕನಿಗೆ ಒಂದೇ ದಿನ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಬೇರೆಯವರ ಮೈಯಲ್ಲಿ ಏಳುತ್ತಾನೆ, ಒಟ್ಟು ಎಂಟು ಮೈ. ಯಾರು ಎಲ್ಲಿದ್ದರು ಅಂತ ಪೆನ್ನು ಹಿಡಿದು ಬರೆದುಕೊಳ್ಳದೆ ನನಗೆ ಮುಂದೆ ಹೋಗೋಕೆ ಆಗಲಿಲ್ಲ. ಹೆಣಿಗೆ ಅದ್ಭುತ. ಆದರೆ ಈ ಆಟ ಯಾಕೆ ನಡೀತಿದೆ ಅನ್ನೋದಕ್ಕೆ ತೀರಾ ತಡವಾಗಿ ಕೊಟ್ಟ ಕಾರಣ ಸಪ್ಪೆ. ಜೇಬಿಂದ ತೆಗೆದು ತೋರಿಸೋದು ಅಂದರೆ ಇದೇ.

ಷರ್ಲಾಕ್ ಹೋಮ್ಸ್, ಅಗಾಥಾ ಕ್ರಿಸ್ಟಿ ಓದಿಕೊಂಡವರು ಕಣ್ಣು ಮುಚ್ಚಿ ‘ಟೇಂಟೆಡ್ ಕಪ್’ ಹಿಡಿಯಿರಿ. ಮೊದಲ ಪುಟಗಳಲ್ಲಿ ವಿಚಿತ್ರ ಹೆಸರುಗಳು ಸಾಲಾಗಿ ಬರುತ್ತವೆ, ಅದಕ್ಕೆ ಹೆದರಿ ಕೆಳಗಿಡಬೇಡಿ. ಆನಾ ಮತ್ತು ದಿನ್ ಜೋಡಿಯ ಎರಡನೇ ಪುಸ್ತಕ ‘ಎ ಡ್ರಾಪ್ ಆಫ್ ಕರಪ್ಷನ್’ ಕೂಡ 2025ರಲ್ಲೇ ಬಂದಿದೆ. ಅಲ್ಲಿ ಕೊಲೆ ಬೇರೆ, ಊರೂ ಬೇರೆ, ಆದರೂ ಮೊದಲನೆಯದನ್ನು ಮುಗಿಸಿಯೇ ಅದಕ್ಕೆ ಕೈ ಹಾಕಿ.