ಫೋಟೋಶಾಪ್‌ನಾಗ ಮಲ್ಟಿಪ್ಲೈ ಮಾಡಿ ಬಿಳಿ ಹೋಯ್ತು ಅಂತ ನಂಬಬ್ಯಾಡ್ರಿ, ನನ್ನ 150 ಚೀಲ ಹಾಳಾಗ್ಯಾವ

ಬ್ಯಾಗು, ಟೀ ಶರ್ಟ್ ಪ್ರಿಂಟಿಗೆ ಲೋಗೋ ಮಾಡಿಕೊಡೋರು ಇದ್ರ ಸ್ವಲ್ಪ ಓದ್ರಿ. ತಪ್ಪು ಪೂರಾ ನಂದೇ, ಪ್ರಿಂಟ್ ಮಾಡಿದವರದು ಏನೂ ಇಲ್ಲ, ಅದಕ್ಕ ಅವರ ಹೆಸರು ಕೇಳಬ್ಯಾಡ್ರಿ.

ನಮ್ಮ ಬೀದರ್‌ನಾಗ ಚೌಬಾರಾ ಕಡೆ ಬಿದ್ರಿ ಕೆಲಸ (ಕರಿ ಲೋಹದಾಗ ಬೆಳ್ಳಿ ಕೂಡಿಸೋದು) ಮಾಡೋ ಚಾಚಾ ಒಬ್ರು ಅದಾರ. ಗಿರಾಕಿಗಳಿಗೆ ಕೊಡೋ ಮರೂನ್ ಬಟ್ಟಿ ಚೀಲದ ಮ್ಯಾಲ ಅವರೇ ಕೈಲೆ ಬಿಡಿಸಿದ ಹೂಬಳ್ಳಿ ಬರಬೇಕಂದ್ರು. ಬಿಳಿ ಹಾಳಿ ಮ್ಯಾಲ ಕರಿ ಪೆನ್ನಿನ ಚಿತ್ರ. ಸ್ಕ್ಯಾನ್ ಮಾಡ್ದೆ, ಫೋಟೋಶಾಪ್‌ನಾಗ ಮರೂನ್ ಲೇಯರ್ ಮ್ಯಾಲ ಇಟ್ಟೆ, ಬ್ಲೆಂಡ್ ಮೋಡ್ (ಮ್ಯಾಲಿನ ಲೇಯರ್ ಕೆಳಗಿಂದರ ಜೊತಿ ಹ್ಯಾಂಗ ಬೆರೀಬೇಕು ಅನ್ನೋ ಸೆಟ್ಟಿಂಗ್) ಮಲ್ಟಿಪ್ಲೈ ಹಾಕ್ದೆ, ಬಿಳಿ ಮಾಯ, ಚಾಚಾಗ ತೋರಿಸ್ದೆ, ಅವರೂ ಖುಷ್. ಆಮ್ಯಾಲ ಆ ಲೇಯರ್ ಮ್ಯಾಲ ರೈಟ್ ಕ್ಲಿಕ್ ಮಾಡಿ ಅದೊಂದೇ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡಿ ಹೈದರಾಬಾದಿಗೆ ಪ್ರಿಂಟ್ ಮಾಡೋರಿಗೆ ಕಳಿಸ್ಬಿಟ್ಟೆ. ಮೊಬೈಲ್‌ನಾಗ ತೆಗೆದು ನೋಡಿದ್ದೆ ಮತ್ತ, ಆದ್ರ ಬಿಳಿ ಸ್ಕ್ರೀನ್ ಮ್ಯಾಲ ಬಿಳಿ ಚೌಕ ಹ್ಯಾಂಗ ಕಾಣ್ತದ ಹೇಳ್ರಿ.

ಚೀಲ ಬಂದ್ವು. ಪ್ರತಿ ಚೀಲದ ನಡುವ ಒಂದೊಂದು ಬಿಳಿ ಚೌಕ, ಔಷಧಿ ಬಾಟ್ಲಿಗೆ ಚೀಟಿ ಅಂಟಿಸಿದಂಗ. ಚಾಚಾ ತಿರುಗಿಸಿ ಮುರುಗಿಸಿ ನೋಡಿ, "ಬೇಟಾ, ನಾವು ಕೋಟೆ ಮಣ್ಣು ಹಚ್ಚಿ ಕರಿ ಮಾಡ್ತೀವಿ, ನೀ ಈ ಬಿಳಿ ಎಲ್ಲಿಂದ ತಂದಿ?" ಅಂದ್ರು. ಬೈದಿದ್ರ ಚೊಲೋ ಇತ್ತು.

ಆಗಿದ್ದೇನಂದ್ರ, ಮಲ್ಟಿಪ್ಲೈ ಬಿಳಿನ ತೆಗೆಯಂಗೇ ಇಲ್ಲ. ಮ್ಯಾಲಿನ ಬಣ್ಣದ ಅಂಕಿ, ಕೆಳಗಿನ ಬಣ್ಣದ ಅಂಕಿ ಗುಣಿಸಿ 255ರಿಂದ ಭಾಗಿಸ್ತದ, ಅಷ್ಟೇ. ಬಿಳಿ ಅಂದ್ರ 255, ಹಂಗಾಗಿ ಕೆಳಗಿಂದು ಇದ್ದಂಗೇ ಉಳೀತದ, ನಮ್ಮ ಕಣ್ಣಿಗೆ ಬಿಳಿ ಹೋದಂಗ ಕಾಣ್ತದ. ಕೆಳಗ ಲೇಯರೇ ಇಲ್ಲಂದ್ರ ಗುಣಿಸ್ಲಾಕ ಏನದ? ಬಿಳಿ ಬಿಳಿಯಾಗೇ ಕುಂತಿರ್ತದ. ಪಿಎನ್‌ಜಿನಾಗ ಪಿಕ್ಸೆಲ್‌ಗೊಂದು ಆಲ್ಫಾ ಇರ್ತದ, 0 ಅಂದ್ರ ಪೂರಾ ಪಾರದರ್ಶಕ, 255 ಅಂದ್ರ ಗಟ್ಟಿ, ಬ್ಲೆಂಡ್ ಮೋಡ್ ಬರ್ಕೊಳ್ಳಾಕ ಅದರಾಗ ಜಾಗಾನೇ ಇಲ್ಲ, ಅದು ಪಿಎಸ್‌ಡಿಯಂಥ, ಲೇಯರ್ ಉಳಿಸೋ ಫೈಲಿನಾಗಷ್ಟೇ ಉಳೀತದ. ನನ್ನ ಫೈಲಿನಾಗ ಹಾಳಿಯ ಆಲ್ಫಾ ಪೂರಾ 255. ಡಿಟಿಎಫ್ ಮಷೀನು (ಫಿಲ್ಮ್ ಮ್ಯಾಲ ಪ್ರಿಂಟ್ ಮಾಡಿ ಬಟ್ಟಿಗೆ ಅಂಟಿಸೋದು) ಗಟ್ಟಿ ಇದ್ದಲ್ಲೆಲ್ಲ ಬಿಳಿ ಇಂಕ್ ಹಾಕಿಬಿಡ್ತದ, ಪಾಪ ಅದರ ತಪ್ಪೇನು.

ಸ್ಕ್ರೀನ್ ಅನ್ನೋ ಬ್ಲೆಂಡ್ ಮೋಡ್‌ದೂ ಇದೇ ಹಣೆಬರಹ, ಉಲ್ಟಾ, ಅದರಾಗ ಕರಿ ಹೋದಂಗ ಕಾಣ್ತದ. ಕರಿ ಬ್ಯಾಕ್‌ಗ್ರೌಂಡ್‌ನಾಗ ಬಿದ್ರಿ ಹೂಜಿ ಫೋಟೋ ತೆಗೆದು ಸ್ಕ್ರೀನ್ ಹಾಕಿ ಕಟೌಟ್ ಮಾಡ್ದೆ ಅನ್ನೋರು ನಮ್ಮೂರಾಗ ಭಾಳ ಮಂದಿ ಅದಾರ, ಅಲ್ರೀ ಹೂಜಿ ಮೈಯೇ ಕರಿ ಅದ, ಬ್ಯಾಕ್‌ಗ್ರೌಂಡ್ ಜೊತಿ ಹೂಜಿನೂ ಹೋಗ್ತದ, ಬೆಳ್ಳಿ ತಂತಿ ಅಷ್ಟೇ ಗಾಳ್ಯಾಗ ತೇಲ್ತದ. ಅಲ್ಲಿ ಪೆನ್ ಟೂಲಿನಿಂದ ಕತ್ತರಿಸಿ ಮಾಸ್ಕ್ ಹಾಕೋದೇ ಚೊಲೋ.

ಕರಿ ಗೆರಿ ಚಿತ್ರಕ್ಕ ಈಗ ನಾ ಮಾಡೋದು ಹಿಂಗ. ಮೊದಲು ಲೆವೆಲ್ಸ್‌ನಾಗ ಹಾಳಿ ಪೂರಾ ಬೆಳ್ಳಗ ಮಾಡ್ಕೋತೀನಿ, ಸ್ಕ್ಯಾನಿನಾಗ ಹಾಳಿ ಮಾಸಲು ಬರ್ತದ. ಚಾನೆಲ್ಸ್‌ಗೆ ಹೋಗಿ ಕಂಟ್ರೋಲ್ ಒತ್ತಿ ಆರ್‌ಜಿಬಿ ಥಂಬ್‌ನೇಲ್ ಕ್ಲಿಕ್ ಮಾಡಿದ್ರ ಬೆಳಕಿನ ಭಾಗ ಸೆಲೆಕ್ಟ್ ಆಗ್ತದ, ಇನ್ವರ್ಸ್ ಮಾಡಿ ಹೊಸ ಖಾಲಿ ಲೇಯರ್‌ನಾಗ ಬಣ್ಣ ತುಂಬ್ತೀನಿ, ಹಳೀ ಲೇಯರ್ ಬಂದ್. ಗೆರಿ ಅಂಚಿನ ಬೂದಿ ಪಿಕ್ಸೆಲ್ ಅರ್ಧ ಆಲ್ಫಾ ಆಗಿ ಉಳೀತಾವ, ಮ್ಯಾಜಿಕ್ ವಾಂಡ್‌ನಾಗ ಆದಂಗ ಬಿಳಿ ಅಂಚು ಬರಂಗಿಲ್ಲ. ಫೋಟೋಶಾಪ್ ಬದಲಿ ಗಿಂಪ್ ಬಳಸೋರಿಗೆ ಇದೇ ಕೆಲಸಕ್ಕ ಕಲರ್ ಟು ಆಲ್ಫಾ ಅದ. ಕೊನೀಗೆ ಪಿಎನ್‌ಜಿನ ಹೊಸ ಫೈಲಿನಾಗ ತೆಗೆದು ಕೆಳಗ ಒಂದು ಗಿಳಿ ಹಸಿರು ಲೇಯರ್ ಹಾಕಿ ನೋಡ್ತೀನಿ, ಬಿಳಿ ಉಳಿದಿದ್ರ ಕಾಣ್ತದ. ವಾಟ್ಸಾಪ್‌ನಾಗ ಕಳಿಸೋದಾದ್ರ ಡಾಕ್ಯುಮೆಂಟ್ ಅಂತ ಕಳಿಸ್ರಿ, ಫೋಟೋ ಅಂತ ಕಳಿಸಿದ್ರ ಜೆಪೆಗ್ ಆಗಿ ಆಲ್ಫಾ ಹೋಗ್ತದ.

ಎರಡನೇ ಸಲ ಚಾಚಾ ಕರಿ ಬ್ಯಾಡ, ಬೆಳ್ಳಿ ಬಣ್ಣ ಮಾಡು ಅಂದ್ರು. ಮಲ್ಟಿಪ್ಲೈ ಇದ್ದಿದ್ರ ಆಗ್ತಿರಲಿಲ್ಲ, ಅದು ಕಪ್ಪಗೇ ಮಾಡ್ತದ, ಬೆಳ್ಳಗ ಮಾಡಂಗಿಲ್ಲ. ಅದೇ ಸೆಲೆಕ್ಷನ್‌ಗೆ ತಿಳಿ ಬೂದಿ ತುಂಬಿ ಕೊಟ್ಟೆ. ಚೀಲ ಚೊಲೋ ಬಂದಾವ. ರೊಕ್ಕ ನನ್ನ ಕಿಸೇದ್ದು, ಹಳೀ 150 ಚೀಲ ನಮ್ಮ ಮನ್ಯಾಗೇ ಬಿದ್ದಾವ.